ಮಾತ್ರೆ ಬಿಡಿಸುವ ವೈದ್ಯ

ಬೆಂಗಳೂರಿನ ಹೊರವಲಯದಲ್ಲಿ, ಪೀಣ್ಯದ ಎರಡನೆಯ ಹಂತದಿಂದ ಹೆಗ್ಗನಹಳ್ಳಿಯತ್ತ ಹೊರಳುವ ರಸ್ತೆಯಲ್ಲಾಗಲಿ, ಹೆಬ್ಬಗೋಡಿಯ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಕಾಡುಗೋಡಿಯ ಓಣಿಗಳಲ್ಲಾಗಲಿ, ಎರಡನೆಯ ಪಾಳಿಯವರು ಮನೆಗೆ ಮರಳುವ ಹೊತ್ತಿನಲ್ಲೂ ಬಾಗಿಲು ತೆರೆದಿರುವ ಅಂಗಡಿಗಳೆಂದರೆ ಬಹುಮಟ್ಟಿಗೆ ಔಷಧದ ಅಂಗಡಿಗಳೇ. ಅಲ್ಲಿ ನಿಂತವರು ಹಳೆಯ ಚೀಟಿಯನ್ನೋ, ಚೀಟಿಯೂ ಇಲ್ಲದಿದ್ದರೆ ಬರಿದಾದ ಮಾತ್ರೆಯ ಶೀಟನ್ನೋ ಮುಂದೆ ಹಿಡಿದು ‘ಇದೇ ಇನ್ನೊಂದು ಶೀಟು ಕೊಡಿ’ ಎಂದು ಕೇಳುವುದು ಈ ಬಡಾವಣೆಗಳಲ್ಲಿ ವಾಸಿಸುವ ಯಾರಿಗೂ ಹೊಸ ನೋಟವಲ್ಲ. ಹೀಗೆ ಕೈಬದಲಾಗುವ ಶೀಟುಗಳಲ್ಲಿ ಸಕ್ಕರೆ ಕಾಯಿಲೆಯದೂ ರಕ್ತದೊತ್ತಡದ್ದೂ ಇರುವಂತೆ, ‘ಟೆನ್ಷನ್ ಮಾತ್ರೆ’ ಎಂದೂ ‘ನರದ ಮಾತ್ರೆ’ ಎಂದೂ, ಕೆಲವೊಮ್ಮೆ ತಪ್ಪಾಗಿ ‘ನಿದ್ದೆ ಮಾತ್ರೆ’ ಎಂದೂ ಕರೆಯಿಸಿಕೊಳ್ಳುವ ಖಿನ್ನತಾನಿವಾರಕಗಳೂ ಇರುತ್ತವೆ. ಇವನ್ನು ಸೇವಿಸುತ್ತಿರುವವರು ಯಾವ ದಿನ, ಯಾವ ಕಾರಣಕ್ಕೆ, ಯಾರ ಸಲಹೆಯ ಮೇರೆಗೆ ಆರಂಭಿಸಿದರೆಂಬುದಕ್ಕೆ ಎಲ್ಲಿಯೋ ಒಂದು ಕಾಗದವಾದರೂ ಇರುತ್ತದೆ. ಅವರು ಬಿಟ್ಟದ್ದು ಹೇಗೆ, ಬಿಟ್ಟ ಮೇಲೆ ಏನಾಯಿತು ಎಂಬುದಕ್ಕೆ ಮಾತ್ರ ಯಾವ ಕಾಗದವೂ ಇರುವುದಿಲ್ಲ. ಔಷಧವನ್ನು ಹಿಡಿಸುವುದು ವೈದ್ಯಕರ್ಮವೆಂದೂ ಬಿಡುವುದು ರೋಗಿಯ ಸ್ವಂತ ಸಾಹಸವೆಂದೂ ನಾವು ಮಾಡಿಕೊಂಡಿರುವ ಈ ವಿಭಜನೆ ಅನ್ಯಾಯವಾದುದು. ಬಿಡಿಸುವುದೂ ಚಿಕಿತ್ಸೆಯ ಭಾಗವೆಂದು ವೈದ್ಯರೂ ಕಾರ್ಖಾನೆಗಳೂ ಸರ್ಕಾರವೂ ಒಪ್ಪಿಕೊಳ್ಳಬೇಕೆಂಬುದೇ ನನ್ನ ವಾದ.

ಮಾನಸಿಕ ವ್ಯಾಧಿಗೆ ಔಷಧವೇ ದೊರೆಯದವರು ಇಷ್ಟೊಂದು ಮಂದಿ ಇರುವ ದೇಶದಲ್ಲಿ, ಔಷಧ ದೊರೆತು ಅದನ್ನು ಬಿಡಲು ಹೊರಟವರ ಕಷ್ಟವನ್ನು ಕುರಿತು ಪತ್ರಿಕೆಯ ಜಾಗವನ್ನು ವ್ಯಯಮಾಡುವುದು ಉಚಿತವೇ ಎಂಬ ಆಕ್ಷೇಪ ಸಹಜವಾಗಿಯೇ ಬರಬಹುದು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು ಇಪ್ಪತ್ತು ಜನರಲ್ಲಿ ಒಬ್ಬರಿಗೆ ಖಿನ್ನತೆಯ ಬಾಧೆಯುಂಟು; ಖಿನ್ನತೆ, ಆತಂಕ ಮೊದಲಾದ ಸಾಮಾನ್ಯ ಮನೋವ್ಯಾಧಿಗಳಿಂದ ನರಳುವವರಲ್ಲಿ ನೂರಕ್ಕೆ 85ರಷ್ಟು ಜನಕ್ಕೆ ಚಿಕಿತ್ಸೆಯೇ ಇಲ್ಲ. (ಸಮೀಕ್ಷೆ ನಡೆಸಿದ ಸಂಸ್ಥೆ ನಮ್ಮೂರಿನದೇ ಆದರೂ ಆ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ, ನಮ್ಮ ಪಾಲಿಗೆ ಬಂದದ್ದು ಕೋಲಾರ ಜಿಲ್ಲೆಯಲ್ಲಿ ನಡೆದ ಪೂರ್ವಪರೀಕ್ಷೆ ಮಾತ್ರ.) ಈ ಅಂಕಿಗಳನ್ನು ಮುಂದಿಟ್ಟು, ಮೊದಲು ಔಷಧ ಕೊಡಿಸುವ ಮಾತಾಡೋಣ, ಬಿಡಿಸುವ ಮಾತು ಆಮೇಲಾಗಲಿ ಎನ್ನುವವರಿಗೆ ನಾನು ಹೇಳುವುದಿಷ್ಟೆ: ಮನೋವೈದ್ಯರ ಬಾಗಿಲವರೆಗೆ ಬಂದು ಹಿಂತಿರುಗುವವರ ಬಾಯಲ್ಲಿ ಕೇಳಿಬರುವ ಮಾತು ‘ಒಂದು ಸಲ ಶುರು ಮಾಡಿದರೆ ಜೀವನಪೂರ್ತಿ ಬಿಡೋಕಾಗಲ್ಲವಂತೆ’ ಎಂಬುದೇ ಆಗಿರುತ್ತದೆ. ನೆರೆಮನೆಯವರು ಮಾತ್ರೆ ಬಿಟ್ಟ ಮೂರನೆಯ ದಿನ ತಲೆಸುತ್ತಿ ಬಿದ್ದದ್ದನ್ನು ಕಂಡವರು ಆ ಮಾತನ್ನು ಹೇಗೆ ನಂಬದಿದ್ದಾರು? ಕೆಳಗಿಳಿಯುವ ದಾರಿ ಕಾಣದ ಕಡೆಗೆ ಜನ ಹತ್ತುವುದಕ್ಕೇ ಹಿಂಜರಿಯುತ್ತಾರೆ.

ಶರೀರದಲ್ಲಿ ಆಗುವುದೇನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಸ್ಸಿಟಾಲೊಪ್ರಾಂ, ಸರ್ಟ್ರಾಲೀನ್, ಪ್ಯಾರಾಕ್ಸೆಟೀನ್ ಮೊದಲಾದ ಔಷಧಗಳು ಮಿದುಳಿನ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ದ್ರವ್ಯವನ್ನು ಹಿಂದಕ್ಕೆ ಹೀರಿಕೊಳ್ಳುವ ವಾಹಕವನ್ನು ತಡೆಹಿಡಿಯುತ್ತವೆ. ತಿಂಗಳಾನುಗಟ್ಟಲೆ, ವರ್ಷಾನುಗಟ್ಟಲೆ ಹೀಗೆ ತಡೆಹಿಡಿದಾಗ ಮಿದುಳು ಆ ಹೊಸ ಸ್ಥಿತಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಔಷಧ ಥಟ್ಟನೆ ಇಲ್ಲವಾದಾಗ ಹೊಂದಿಕೊಂಡಿದ್ದ ಮಿದುಳು ಕೂಡಲೆ ಹಿಂದಿನ ಸ್ಥಿತಿಗೆ ಮರಳಲಾರದೆ ತೊಳಲುತ್ತದೆ. ಆಗ ತಲೆಸುತ್ತು, ವಾಕರಿಕೆ, ಮೈಕೈನೋವು, ಬೆವರು, ವಿಕಾರವಾದ ಕನಸುಗಳು, ನಿದ್ರಾಭಂಗ, ಕಾರಣವಿಲ್ಲದೆ ಉಕ್ಕುವ ಸಿಟ್ಟು ಮತ್ತು ಅಳು, ಇವುಗಳ ಜೊತೆಗೆ ಕಣ್ಣು ಹೊರಳಿಸಿದಾಗಲೆಲ್ಲ ತಲೆಯೊಳಗೆ ‘ಕರೆಂಟು ಹೊಡೆದಂತೆ’ ಆಗುವ ಒಂದು ವಿಚಿತ್ರ ಅನುಭವ ಉಂಟಾಗುತ್ತದೆ; ಈ ಕೊನೆಯದು ಬೇರಾವ ಕಾಯಿಲೆಯಲ್ಲೂ ಅಷ್ಟಾಗಿ ಕಾಣದ, ಅನುಭವಿಸಿದವರು ಬಣ್ಣಿಸಲು ಹೋದರೆ ಕೇಳಿದವರು ನಂಬದ ಲಕ್ಷಣ. ಇವೆಲ್ಲ ಸಾಮಾನ್ಯವಾಗಿ ಔಷಧ ನಿಂತ ಎರಡು ಮೂರು ದಿನಗಳಲ್ಲಿ ತಲೆದೋರಿ, ಬಹುತೇಕರಲ್ಲಿ ಒಂದೆರಡು ವಾರದಲ್ಲಿ ಶಮನವಾಗುತ್ತವೆ. ಕೆಲವರಲ್ಲಿ ಮಾತ್ರ ತಿಂಗಳುಗಳ ಕಾಲ ಪೀಡಿಸುತ್ತವೆ. ಔಷಧದಿಂದ ಔಷಧಕ್ಕೆ ವ್ಯತ್ಯಾಸವೂ ಬಹಳ. ವೆನ್ಲಾಫಾಕ್ಸೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಕೆಲವೇ ಗಂಟೆಗಳು ಸಾಕಾದುದರಿಂದ ಬೆಳಗಿನ ಮಾತ್ರೆ ಮರೆತವನಿಗೆ ಸಂಜೆಯ ವೇಳೆಗೇ ಅದರ ಅರಿವಾಗುತ್ತದೆ. ಪ್ಯಾರಾಕ್ಸೆಟೀನ್ ಕೂಡ ಬಿಡುವವರನ್ನು ಹೆಚ್ಚಾಗಿ ಕಾಡುವ ಔಷಧವೇ. ಫ್ಲುಆಕ್ಸೆಟೀನ್ ಮಾತ್ರ, ತಾನೂ ತನ್ನಿಂದ ಹುಟ್ಟುವ ಇನ್ನೊಂದು ದ್ರವ್ಯವೂ ಸೇರಿ, ವಾರಗಳ ಕಾಲ ಮೈಯಲ್ಲಿ ಉಳಿದು ತಾನಾಗಿಯೇ ಮೆಲ್ಲಗೆ ಇಳಿಯುತ್ತದೆ. ಅದರ ತೊಂದರೆ ಕಾಣಿಸಿಕೊಂಡರೂ ತಡವಾಗಿ, ಮಾತ್ರೆ ಬಿಟ್ಟದ್ದನ್ನು ಮರೆತ ಮೇಲೆ ಕಾಣಿಸಿಕೊಳ್ಳುತ್ತದೆ.

ಎಷ್ಟು ಜನರಿಗೆ ಹೀಗಾಗುತ್ತದೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿಯೇ ಜಗಳವಿದೆ. 2019ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಅರ್ಧಕ್ಕಿಂತ ಹೆಚ್ಚು ಮಂದಿಗೆ ಎಂದರು. 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾದ ಜರ್ಮನ್ ವಿದ್ವಾಂಸರ ದೊಡ್ಡ ಪರಿಶೀಲನೆಯಲ್ಲಿ ಔಷಧ ಬಿಟ್ಟವರಲ್ಲಿ ನೂರಕ್ಕೆ 31ರಷ್ಟು ಜನ ಏನಾದರೊಂದು ಲಕ್ಷಣವನ್ನು ಹೇಳಿಕೊಂಡರೆ, ಔಷಧವೇ ಇಲ್ಲದ ಹುಸಿಮಾತ್ರೆಯನ್ನು ಬಿಟ್ಟವರಲ್ಲೂ 17ರಷ್ಟು ಜನ ಹಾಗೆಯೇ ಹೇಳಿಕೊಂಡರೆಂದೂ, ಆ ವ್ಯತ್ಯಾಸವನ್ನು ಕಳೆದುನೋಡಿದರೆ ನಿಜವಾಗಿ ಔಷಧದ ಕಾರಣದಿಂದಲೇ ತೊಂದರೆಗೊಳಗಾಗುವವರು ಆರೇಳು ಜನರಲ್ಲಿ ಒಬ್ಬರೆಂದೂ, ತೀವ್ರವಾಗಿ ನರಳುವವರು ನೂರಕ್ಕೆ ಮೂವರಷ್ಟೆಂದೂ ಕಂಡುಬಂತು. ಈ ಎರಡನೆಯ ಲೆಕ್ಕವೇ ಹೆಚ್ಚು ವಿಶ್ವಾಸಾರ್ಹವೆಂದು ನನಗೆ ತೋರುತ್ತದೆಯಾದರೂ, ಅದನ್ನು ಓದಿ ‘ಇದೇನು ಮಹಾ’ ಎಂದು ಕೈತೊಳೆದುಕೊಳ್ಳುವ ವೈದ್ಯರನ್ನು ಕಂಡರೆ ನನಗೆ ಸಮಾಧಾನವಿಲ್ಲ. ಅಂಥ ಪ್ರಯೋಗಗಳಲ್ಲಿ ಭಾಗವಹಿಸಿದವರಲ್ಲಿ ಅನೇಕರು ಕೆಲವೇ ವಾರ ಅಥವಾ ತಿಂಗಳು ಔಷಧ ಸೇವಿಸಿದವರು, ನಮ್ಮ ಮುಂದಿರುವವರಾದರೋ ಐದಾರು ವರ್ಷ ಸೇವಿಸಿದವರು.

ಇದರಲ್ಲಿ ಅತ್ಯಂತ ಹಾನಿಕರವಾದದ್ದು ಯಾತನೆಗಿಂತ ಹೆಚ್ಚಾಗಿ ಯಾತನೆಯ ತಪ್ಪು ವ್ಯಾಖ್ಯಾನ. ಮಾತ್ರೆ ಬಿಟ್ಟ ಮೂರನೆಯ ದಿನ ಅಳು ಬಂದರೆ ರೋಗಿಯೂ ಮನೆಯವರೂ, ಎಷ್ಟೋ ಸಲ ವೈದ್ಯರೂ, ‘ಹಳೆಯ ಕಾಯಿಲೆ ಮತ್ತೆ ಬಂತು’ ಎಂದು ತೀರ್ಮಾನಿಸಿಬಿಡುತ್ತಾರೆ. ಮಾತ್ರೆ ಮತ್ತೆ ಆರಂಭವಾಗುತ್ತದೆ, ಎರಡು ದಿನದಲ್ಲಿ ಎಲ್ಲವೂ ಸರಿಹೋಗುತ್ತದೆ, ಸರಿಹೋದದ್ದೇ ಕಾಯಿಲೆಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಹೀಗೆ ಒಂದು ವರ್ಷಕ್ಕೆಂದು ಹಿಡಿದ ಔಷಧ ಹತ್ತು ವರ್ಷ ನಡೆಯುತ್ತದೆ. ಆದರೆ ಖಿನ್ನತೆ ಮರುಕಳಿಸುವುದು ಸಾಮಾನ್ಯವಾಗಿ ಹಾಗಲ್ಲ. ಅದು ವಾರಗಳು, ತಿಂಗಳುಗಳು ಕಳೆದ ಮೇಲೆ, ಉತ್ಸಾಹ ಕುಗ್ಗುತ್ತ, ಊಟ ನಿದ್ರೆಗಳು ಕೆಡುತ್ತ, ಮೆಲ್ಲನೆ ಆವರಿಸುತ್ತದೆ. ದಿನಗಳೊಳಗೆ ಥಟ್ಟನೆ ಎರಗುವುದು, ಮೊದಲಿನ ಕಾಯಿಲೆಯಲ್ಲಿ ಎಂದೂ ಇರದಿದ್ದ ತಲೆಸುತ್ತು ಮತ್ತು ವಿದ್ಯುತ್ಸ್ಪರ್ಶದ ಅನುಭವಗಳು ಕಾಣುವುದು, ಔಷಧ ಮರಳಿದೊಡನೆ ಅಷ್ಟೇ ಶೀಘ್ರವಾಗಿ ಮಾಯವಾಗುವುದು, ಇವೆಲ್ಲ ಬಿಡುವಿಕೆಯ ಲಕ್ಷಣಗಳು. ಈ ವಿವೇಚನೆಗೆ ಯಾವ ದುಬಾರಿ ಯಂತ್ರವೂ ಬೇಡ. ದಿನಾಂಕ ಬರೆದಿಟ್ಟ ಒಂದು ಪುಸ್ತಕ ಸಾಕು. ಇನ್ನೊಂದು ಅಪವಾದವೆಂದರೆ ಈ ಮಾತ್ರೆ ‘ಚಟ’ ಎಂಬುದು. ಮದ್ಯಕ್ಕೆ ಒಗ್ಗಿದವನು ಹೆಚ್ಚು ಹೆಚ್ಚು ಬಯಸುತ್ತಾನೆ, ಅದಕ್ಕಾಗಿ ಹಂಬಲಿಸುತ್ತಾನೆ; ಈ ಮಾತ್ರೆ ತೆಗೆದುಕೊಳ್ಳುವವನಾದರೋ ಅದನ್ನು ಎಂದು ಬಿಡುತ್ತೇನೋ ಎಂದು ಹಂಬಲಿಸುತ್ತಾನೆ. ಶರೀರ ಒಗ್ಗಿಕೊಂಡಿರುವುದು ನಿಜ. ಅದಕ್ಕಾಗಿ ಅವನನ್ನು ಕುಡುಕರ ಸಾಲಿನಲ್ಲಿ ನಿಲ್ಲಿಸುವುದು ಅವಿವೇಕ.

ಈಗ ನಮ್ಮ ಹೊರವಲಯಕ್ಕೆ ಬರೋಣ. ಮಾತ್ರೆಯನ್ನು ಥಟ್ಟನೆ ನಿಲ್ಲಿಸುವಂತೆ ಮಾಡುವ ಸಂದರ್ಭಗಳನ್ನು ಯಾರೋ ಯೋಚಿಸಿ ಯೋಜಿಸಿದ್ದರೂ ಇಲ್ಲಿಯಷ್ಟು ಒಟ್ಟಾಗಿ ಸೇರಿಸಲಾಗುತ್ತಿರಲಿಲ್ಲ. ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇ.ಎಸ್.ಐ., 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿಯೊಳಗಿನವರಿಗೆ ಎಂದು ಗೊತ್ತುಮಾಡಲಾಯಿತು. ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ಲೇತ್ ನಡೆಸುವವನೊಬ್ಬ ಇ.ಎಸ್.ಐ. ಡಿಸ್ಪೆನ್ಸರಿಯಿಂದ ತಿಂಗಳು ತಿಂಗಳು ಮಾತ್ರೆ ತರುತ್ತಿದ್ದು, ಇಂಕ್ರಿಮೆಂಟು ದೊರೆತು ಸಂಬಳ ಆ ಮಿತಿಯನ್ನು ದಾಟಿತೆಂದಿಟ್ಟುಕೊಳ್ಳಿ. ಅವಧಿ ಮುಗಿದ ಮೇಲೆ ಅವನು ವಿಮೆಯಿಂದ ಹೊರಗೆ, ಮಾತ್ರೆಯಿಂದಲೂ ಹೊರಗೆ. ಸಂಬಳ ಹೆಚ್ಚಿದ ಸಂತೋಷದ ಬೆನ್ನಿಗೇ ತಲೆಸುತ್ತಿನ ಯಾತನೆ. ಎಲೆಕ್ಟ್ರಾನಿಕ್ ಸಿಟಿಯ ಕಡೆ ನೋಡಿದರೆ ಸಾಫ್ಟ್‌ವೇರ್ ಕೆಲಸ ಕಳೆದುಕೊಂಡವನಿಗೆ ಕಂಪನಿಯ ಗುಂಪುವಿಮೆಯೂ ಅದರೊಡನೆ ಒದಗುತ್ತಿದ್ದ ಆಪ್ತಸಮಾಲೋಚಕರ ದೂರವಾಣಿಯೂ ಅಂದೇ ಇಲ್ಲವಾಗುತ್ತವೆ. ಬಹುಪಾಲು ಗುಂಪುವಿಮೆಗಳು ಆಸ್ಪತ್ರೆಯಲ್ಲಿ ಮಲಗಿದವರ ವೆಚ್ಚ ಭರಿಸುತ್ತವೆಯೇ ಹೊರತು, ತಿಂಗಳಿಗೊಮ್ಮೆ ವೈದ್ಯರನ್ನು ಕಾಣುವವನ ವೆಚ್ಚವನ್ನಲ್ಲ. ಮಾನಸಿಕ ವ್ಯಾಧಿಗೂ ಶಾರೀರಿಕ ವ್ಯಾಧಿಗೂ ವಿಮೆಯಲ್ಲಿ ಭೇದವೆಣಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದ್ದರೂ, ಎರಡಕ್ಕೂ ಸಮಾನವಾಗಿ ಇಲ್ಲದಿರುವುದನ್ನು ಯಾವ ಕಾಯಿದೆ ತುಂಬಿಕೊಟ್ಟೀತು?

ಇನ್ನು ಪಾಳಿಯ ವಿಷಯ. ಒಂದು ವಾರ ಹಗಲು, ಒಂದು ವಾರ ರಾತ್ರಿ ದುಡಿಯುವವರಿಗೂ, ತಮ್ಮ ಇರುಳನ್ನು ಅಮೆರಿಕದ ಹಗಲಾಗಿ ಮಾಡಿಕೊಂಡ ವೈಟ್‌ಫೀಲ್ಡಿನ ತರುಣರಿಗೂ ‘ಬೆಳಗಿನ ತಿಂಡಿಯ ನಂತರ ಒಂದು’ ಎಂಬ ವೈದ್ಯರ ಬರಹ ಯಾವ ಬೆಳಗಿಗೆ ಅನ್ವಯಿಸುತ್ತದೆಂಬುದೇ ತಿಳಿಯದು. ಒಂದು ಮಾತ್ರೆ ತಪ್ಪುತ್ತದೆ, ಇನ್ನೊಂದು ತಡವಾಗುತ್ತದೆ, ಬಿಡಬೇಕೆಂಬ ಸಂಕಲ್ಪವೇ ಇಲ್ಲದವನು ವಾರಕ್ಕೆರಡು ಸಲ ಬಿಡುವಿಕೆಯ ಕಷ್ಟವನ್ನು ಅನುಭವಿಸುತ್ತಾನೆ. ಯುಗಾದಿಗೆಂದೋ ಜಾತ್ರೆಗೆಂದೋ ರಾಯಚೂರಿನ ಕಡೆಗೆ ರಾತ್ರಿಯ ಬಸ್ ಹಿಡಿದವರು ಶೀಟನ್ನು ಬಾಡಿಗೆ ಕೋಣೆಯಲ್ಲಿಯೇ ಮರೆತುಹೋದರೆ, ಊರಿನ ಅಂಗಡಿಯಲ್ಲಿ ಆ ಮಾತ್ರೆ ಸಿಕ್ಕದು. ಸಿಕ್ಕಿದರೂ ಅಪ್ಪ ಅಮ್ಮನ ಮುಂದೆ ಹೆಸರು ಹೇಳಿ ಕೊಳ್ಳುವ ಧೈರ್ಯವಿರದು. ಮದುವೆ ಗೊತ್ತಾದ ಹುಡುಗಿಗೆ ‘ಅವರ ಮನೆಗೆ ಗೊತ್ತಾಗೋದು ಬೇಡಮ್ಮ, ಇವತ್ತಿಗೇ ಬಿಟ್ಟುಬಿಡು’ ಎಂದು ಹೇಳುವ ತಾಯಿಯ ಮಾತಿನಲ್ಲಿ ಕ್ರೌರ್ಯವಿಲ್ಲ, ಭಯವಿದೆ. ಪರಿಣಾಮ ಮಾತ್ರ ಕ್ರೂರವೇ. ಗರ್ಭಿಣಿಯೆಂದು ತಿಳಿದ ದಿನವೇ ಮಾತ್ರೆಯನ್ನು ಚರಂಡಿಗೆಸೆಯುವವರಿದ್ದಾರೆ. ಆ ನಿರ್ಧಾರ ಸರಿಯಾಗಿಯೂ ಇರಬಹುದು, ತಪ್ಪಾಗಿಯೂ ಇರಬಹುದು, ಆದರೆ ಒಂದು ದಿನದ ಗಾಬರಿಯಲ್ಲಿ ಒಬ್ಬಳೇ ಮಾಡತಕ್ಕ ನಿರ್ಧಾರವಂತೂ ಅಲ್ಲ. ಇವರೆಲ್ಲರ ಮೇಲೆ, ಮೊಬೈಲಿನಲ್ಲಿ ಹತ್ತು ನಿಮಿಷದ ಉಪದೇಶ ಕೊಟ್ಟು ‘ಇಂಗ್ಲಿಷ್ ಮಾತ್ರೆಗಳನ್ನು ಇಂದೇ ಎಸೆಯಿರಿ’ ಎನ್ನುವ ಸ್ವಯಂಘೋಷಿತ ಗುರುಗಳ ದಂಡು ಬೇರೆ.

ಬಿಡುವಿಕೆಯ ತಲೆಸುತ್ತು ಮೇಜಿನ ಮುಂದೆ ಕುಳಿತವನಿಗೆ ಕಿರುಕುಳ. ಪವರ್ ಪ್ರೆಸ್ಸಿನ ಮುಂದೆ ನಿಂತವನಿಗೆ ಬೆರಳಿನ ಪ್ರಶ್ನೆ. ನಿದ್ರೆಯಿಲ್ಲದೆ ಬಂದವನು ಫೋರ್ಕ್‌ಲಿಫ್ಟ್ ನಡೆಸಿದರೆ, ಕಣ್ಣು ಹೊರಳಿಸಿದರೆ ತಲೆಯೊಳಗೆ ಮಿಂಚುವವನು ಹೊಸೂರು ರಸ್ತೆಯ ಮೇಲುಸೇತುವೆಯಲ್ಲಿ ಬೈಕ್ ಓಡಿಸಿದರೆ, ಆಗಬಹುದಾದದ್ದನ್ನು ಊಹಿಸಲು ವೈದ್ಯಶಾಸ್ತ್ರ ಓದಬೇಕಾಗಿಲ್ಲ. ಸೂಪರ್‌ವೈಸರಿಗೆ ಇದನ್ನು ಹೇಳಿಕೊಂಡರೆ ಕೆಲಸಕ್ಕೆ ಸಂಚಕಾರ. ಹೇಳದಿದ್ದರೆ ಕೈಗೆ ಸಂಚಕಾರ.

ನಮ್ಮ ದೇಶಕ್ಕೇ ವಿಶೇಷವೆನ್ನಬಹುದಾದ ಇನ್ನೊಂದು ತೊಡಕುಂಟು. ಇದರ ವಿಷಯದಲ್ಲಿ ಪಾಶ್ಚಾತ್ಯ ಗ್ರಂಥಗಳು ನಮಗೆ ಹೆಚ್ಚು ನೆರವಾಗಲಾರವು. ಇಲ್ಲಿ ಎಸ್ಸಿಟಾಲೊಪ್ರಾಮನ್ನೂ ಕ್ಲೊನಾಜೆಪಾಂ ಎಂಬ ಶಮನಕಾರಿಯನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿ ಹತ್ತಾರು ಹೆಸರುಗಳಲ್ಲಿ ಮಾರುತ್ತಾರೆ. ಮೊದಲ ಕೆಲವು ವಾರ ನಿದ್ರೆಗೂ ಆತಂಕಕ್ಕೂ ಉಪಶಮನವಾಗಲೆಂದು ಕೊಟ್ಟ ಈ ಜೋಡಿಮಾತ್ರೆ, ಚೀಟಿ ಬದಲಾಗದೆ, ವರ್ಷಗಳವರೆಗೆ ಮುಂದುವರಿಯುತ್ತದೆ. ಕ್ಲೊನಾಜೆಪಾಂ ನಿಜವಾಗಿಯೂ ಅವಲಂಬನೆಯನ್ನು ಹುಟ್ಟಿಸುವ ಔಷಧ. ಅದನ್ನು ಥಟ್ಟನೆ ನಿಲ್ಲಿಸಿದರೆ ಕೆಲವರಿಗೆ ಮೂರ್ಛೆ ಕೂಡ ಬರಬಹುದು. ತಾನು ನುಂಗುತ್ತಿರುವುದು ಎರಡು ಔಷಧವೆಂಬುದೇ ತಿಳಿಯದ ರೋಗಿ ಮಾತ್ರೆಯನ್ನು ಮುರಿದು ಅರ್ಧ ಮಾಡಿದಾಗ ಎರಡನ್ನೂ ಒಟ್ಟಿಗೆ ಅರ್ಧ ಮಾಡಿರುತ್ತಾನೆ. ಬಿಟ್ಟಾಗ ಎರಡನ್ನೂ ಒಟ್ಟಿಗೆ ಬಿಟ್ಟಿರುತ್ತಾನೆ. ಆಮೇಲೆ ಬರುವ ಕಷ್ಟದಲ್ಲಿ ಯಾವುದರ ಪಾಲೆಷ್ಟೆಂದು ಯಾರೂ ಹೇಳಲಾರರು. ಇಂಥ ಜೋಡಿಮಾತ್ರೆಯನ್ನು ದೀರ್ಘಕಾಲ ಬರೆಯುವ ಅಭ್ಯಾಸವನ್ನು ನಾನು ಸ್ಪಷ್ಟವಾಗಿ ಖಂಡಿಸುತ್ತೇನೆ. ಅದರ ಅನುಕೂಲವೆಲ್ಲ ಬರೆಯುವವರಿಗೆ.

ಹಾಗಾದರೆ ಇಳಿಯುವ ಕ್ರಮವೇನು? ಹಳೆಯ ಪದ್ಧತಿಯಲ್ಲಿ 20 ಮಿಲಿಗ್ರಾಂ ಇದ್ದದ್ದನ್ನು ಎರಡು ವಾರ 10ಕ್ಕೆ, ಇನ್ನೆರಡು ವಾರ 5ಕ್ಕೆ ತಂದು ನಿಲ್ಲಿಸಿಬಿಡುತ್ತಿದ್ದರು. ಅನೇಕರಿಗೆ ಇದೇ ಸಾಲುತ್ತದೆಂಬುದನ್ನೂ ಹೇಳಬೇಕು. ಆದರೆ 2019ರಲ್ಲಿ ಮಾರ್ಕ್ ಹೊರೋವಿಟ್ಜ್ ಮತ್ತು ಡೇವಿಡ್ ಟೇಲರ್ ಎಂಬ ಲಂಡನ್ನಿನ ತಜ್ಞರು, ಮಿದುಳಿನ ಪೆಟ್ ಸ್ಕ್ಯಾನ್ ಚಿತ್ರಗಳ ಆಧಾರದ ಮೇಲೆ, ಈ ಲೆಕ್ಕ ಕಾಗದದ ಮೇಲೆ ಮಾತ್ರ ಸಮವಾದುದೆಂದು ತೋರಿಸಿದರು. ಕತ್ತಲಕೋಣೆಯಲ್ಲಿ ಹಚ್ಚಿದ ಮೊದಲನೆಯ ಹಣತೆ ಕೋಣೆಯನ್ನೆಲ್ಲ ಬೆಳಗುವುದು, ಹತ್ತನೆಯ ಹಣತೆ ಇದ್ದರೂ ಇಲ್ಲದಿದ್ದರೂ ಅಷ್ಟೇನೂ ಗೊತ್ತಾಗದಿರುವುದು ಹೇಗೋ, ಔಷಧದ ಮೊದಲ ಒಂದೆರಡು ಮಿಲಿಗ್ರಾಮು ಮಾಡುವ ಕೆಲಸ ಕೊನೆಯ ಹತ್ತು ಮಿಲಿಗ್ರಾಮು ಮಾಡುವ ಕೆಲಸಕ್ಕಿಂತ ಬಹಳ ದೊಡ್ಡದು. ಸಿಟಾಲೊಪ್ರಾಂ ಎಂಬ ಔಷಧದ 20 ಮಿಲಿಗ್ರಾಂ ಮಿದುಳಿನ ಸೆರೊಟೋನಿನ್ ವಾಹಕಗಳಲ್ಲಿ ಸುಮಾರು ನೂರಕ್ಕೆ 80ನ್ನು ಹಿಡಿದುಕೊಂಡರೆ, ಅದರ ಮೂರರಷ್ಟಾದ 60 ಮಿಲಿಗ್ರಾಂ 88ರ ಆಸುಪಾಸಿಗೆ ಮಾತ್ರ ಹೋಗುತ್ತದೆ. ಆ ಹಿಡಿತವನ್ನು ವಾಹಕಗಳಲ್ಲಿ ಅರ್ಧಕ್ಕೆ, ಅಂದರೆ ನೂರಕ್ಕೆ 50ಕ್ಕೆ, ತರಬೇಕಾದರೆ ಮೂರು ಮೂರೂವರೆ ಮಿಲಿಗ್ರಾಮಿನವರೆಗೆ ಇಳಿಯಬೇಕಾಗುತ್ತದೆ. ಆದುದರಿಂದ ಮೊದಲಿನ ಇಳಿತಗಳು ಸುಲಭವಾಗಿಯೂ, ‘ಇನ್ನೇನು ಮುಗಿಯಿತು’ ಎನ್ನುವ ಹೊತ್ತಿನ ಕೊನೆಯ ಇಳಿತ ಬಂಡೆಯಿಂದ ಜಿಗಿದಷ್ಟು ಕಠಿಣವಾಗಿಯೂ ಇರುತ್ತದೆ. ಪ್ರತಿ ಸಲವೂ ಉಳಿದಿರುವುದರಲ್ಲಿ ಒಂದು ಅಂಶವನ್ನು ಮಾತ್ರ ಕಳೆಯುತ್ತ, ಕೊನೆಕೊನೆಗೆ ಅತಿ ಸಣ್ಣ ಪ್ರಮಾಣಗಳ ಮೂಲಕ ಹಾದು, ತಿಂಗಳುಗಳ ಕಾಲಾವಕಾಶ ಕೊಟ್ಟು ಬಿಡಿಸಬೇಕೆಂಬುದು ಅವರ ಸಲಹೆ. ಇಂಗ್ಲೆಂಡಿನ ಮನೋವೈದ್ಯರ ರಾಯಲ್ ಕಾಲೇಜು 2020ರಲ್ಲಿ ಜನಸಾಮಾನ್ಯರಿಗಾಗಿ ಹೊರತಂದ ಮಾಹಿತಿಪತ್ರವೂ ಇದೇ ಹಾದಿಯದು.

ಇದನ್ನೆಲ್ಲ ಓದುತ್ತಿರುವಾಗ ನನಗೆ ಆಯುರ್ವೇದದ ವಾಗ್ಭಟ ನೆನಪಾದ. ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ, ಅಭ್ಯಾಸವಾಗಿಹೋದದ್ದು ಅಪಥ್ಯವೇ ಆದರೂ ಅದನ್ನು ಕಾಲುಭಾಗದಂತೆಯೋ ಕಾಲಿನ ಕಾಲುಭಾಗದಂತೆಯೋ ಕ್ರಮವಾಗಿ ಬಿಡಬೇಕೆಂದೂ, ಥಟ್ಟನೆ ಬಿಟ್ಟರೆ ಬಿಟ್ಟದ್ದರಿಂದಲೇ ವಿಕಾರಗಳು ಹುಟ್ಟುತ್ತವೆಂದೂ ಅವನು ಹೇಳುತ್ತಾನೆ. ಚರಕನಲ್ಲಿಯೂ ಇದೇ ಅಭಿಪ್ರಾಯವಿದೆ. ಅವರು ಹೇಳಿದ್ದು ಆಹಾರವಿಹಾರಗಳ ಮಾತು, ಸೆರೊಟೋನಿನ್ನಿನ ಮಾತಲ್ಲವೆಂಬುದು ನನಗೂ ಗೊತ್ತು. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆಂಬ ಜಂಬಕ್ಕಾಗಿ ನಾನಿದನ್ನು ಹೇಳುತ್ತಿಲ್ಲ. ಆಯುರ್ವೇದದ ಹೆಸರಿನಲ್ಲಿಯೇ ‘ಇಂದೇ ಎಸೆಯಿರಿ’ ಎನ್ನುವ ಮೊಬೈಲ್ ಗುರುಗಳು ಆಯುರ್ವೇದವನ್ನು ಓದಿಲ್ಲವೆಂಬುದನ್ನು ತೋರಿಸುವುದಕ್ಕೆ ಹೇಳುತ್ತಿದ್ದೇನೆ.

ಕ್ರಮವೇನೋ ತಿಳಿಯಿತು, ಸಾಮಗ್ರಿ ಎಲ್ಲಿ? ನಮ್ಮ ಅಂಗಡಿಗಳಲ್ಲಿ ಎಸ್ಸಿಟಾಲೊಪ್ರಾಮಿನ ಸಾಮಾನ್ಯವಾಗಿ ಸಿಕ್ಕುವ ಅತಿ ಸಣ್ಣ ಮಾತ್ರೆ 5 ಮಿಲಿಗ್ರಾಮಿನದು. ಅದನ್ನು ಅಡುಗೆಮನೆಯ ಚಾಕುವಿನಿಂದ ನಾಲ್ಕು ಚೂರು ಮಾಡಿದರೆ ನಾಲ್ಕೂ ಸಮವಾಗಿರುವುದಿಲ್ಲ. ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ವೆನ್ಲಾಫಾಕ್ಸೀನ್, ಡೆಸ್‌ವೆನ್ಲಾಫಾಕ್ಸೀನ್ ಜಾತಿಯ ಮಾತ್ರೆಗಳನ್ನಂತೂ ಮುರಿಯಲೂ ಕೂಡದು, ಪುಡಿಮಾಡಲೂ ಕೂಡದು. ಆದ್ದರಿಂದ ನಮ್ಮವರು ಕಂಡುಕೊಂಡಿರುವ ಉಪಾಯ ‘ದಿನ ಬಿಟ್ಟು ದಿನ’. ಇದನ್ನು ಕೆಲವು ವೈದ್ಯರೂ ಹೇಳಿಕೊಡುತ್ತಾರೆ. ಆದರೆ ಒಂದೇ ದಿನದಲ್ಲಿ ಅರ್ಧಕ್ಕಿಳಿಯುವ ಔಷಧವನ್ನು ದಿನ ಬಿಟ್ಟು ದಿನ ತೆಗೆದುಕೊಂಡರೆ ಅದು ಇಳಿತವಾಗದೆ ಏರಿಳಿತವಾಗುತ್ತದೆ, ಫ್ಲುಆಕ್ಸೆಟೀನಿನಂಥ ದೀರ್ಘಾಯುವಿಗೆ ಮಾತ್ರ ಅದು ಸಲ್ಲುತ್ತದೆ. ನೆದರ್ಲೆಂಡ್ಸಿನಲ್ಲಿ ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಹೋಗುವ ಪ್ರಮಾಣಗಳನ್ನು ಪುಟ್ಟ ಚೀಲಗಳಲ್ಲಿ ತುಂಬಿ, ದಿನಾಂಕದ ಕ್ರಮದಲ್ಲಿ 28 ದಿನಕ್ಕೊಂದು ಸುರುಳಿಯಾಗಿ ಒದಗಿಸುವ ಏರ್ಪಾಡಿದೆ. ಬೊಮ್ಮಸಂದ್ರ ಜಿಗಣಿಗಳಲ್ಲಿ ಜಗತ್ತಿಗೇ ಔಷಧ ತಯಾರಿಸಿ ಕಳುಹಿಸುವ ಕಾರ್ಖಾನೆಗಳಿರುವಾಗ, ಪೀಣ್ಯದಲ್ಲಿ ಮೈಕ್ರಾನಿನ ಲೆಕ್ಕದಲ್ಲಿ ಉಕ್ಕನ್ನು ಕೊರೆಯುವ ಕೈಗಳಿರುವಾಗ, ಒಂದು ಮಿಲಿಗ್ರಾಮಿನ ಮಾತ್ರೆ ನಮ್ಮಿಂದಾಗದ ಕೆಲಸವೆಂದು ನಂಬುವುದು ಕಷ್ಟ. ಆಗದ್ದಲ್ಲ, ಅದರಲ್ಲಿ ಲಾಭ ಕಂಡಿಲ್ಲ.

ಇಷ್ಟು ಹೇಳಿದ ಮೇಲೆ, ಎಲ್ಲರೂ ಬಿಡಲೇಬೇಕೆಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ‘ಆಂಟ್ಲರ್’ ಎಂಬ ಹೆಸರಿನ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಬಹುಕಾಲದಿಂದ ಔಷಧ ಸೇವಿಸುತ್ತ ಆರೋಗ್ಯವಾಗಿದ್ದು, ಬಿಡಲು ಸಿದ್ಧರೆಂದು ತಾವೇ ಭಾವಿಸಿದ್ದ ಇಂಗ್ಲೆಂಡಿನ 478 ಜನರಲ್ಲಿ ಅರ್ಧದಷ್ಟು ಮಂದಿಗೆ ಅವರಿಗರಿಯದಂತೆ ಔಷಧವನ್ನು ಇಳಿಸಿ ನಿಲ್ಲಿಸಿದಾಗ, ಒಂದು ವರ್ಷದೊಳಗೆ ನಿಲ್ಲಿಸಿದವರಲ್ಲಿ ನೂರಕ್ಕೆ 56 ಜನಕ್ಕೂ, ಮುಂದುವರಿಸಿದವರಲ್ಲಿ 39 ಜನಕ್ಕೂ ಖಿನ್ನತೆ ಮರುಕಳಿಸಿತು. ಈ ಅಂಕಿಗಳನ್ನು ಎರಡು ಪಕ್ಷದವರೂ ತಮತಮಗೆ ಬೇಕಾದಂತೆ ಓದುತ್ತಾರೆ. ಬಿಟ್ಟವರಿಗೆ ಅಪಾಯ ಹೆಚ್ಚೆಂಬುದು ನಿಸ್ಸಂಶಯ. ಬಿಟ್ಟರೂ ನೂರಕ್ಕೆ 44 ಜನ ಕ್ಷೇಮವಾಗಿದ್ದರೆಂಬುದೂ, ಬಿಡದೆಯೂ ಅನೇಕರಿಗೆ ಕಾಯಿಲೆ ಮರಳಿತೆಂಬುದೂ ಅಷ್ಟೇ ನಿಜ. ಮೊದಲ ಸಲ ಖಿನ್ನತೆಗೆ ತುತ್ತಾದವರು ಗುಣವಾದ ಮೇಲೆ ಆರು ತಿಂಗಳಿನಿಂದ ಒಂದು ವರ್ಷದವರೆಗೂ, ಮತ್ತೆ ಮತ್ತೆ ತುತ್ತಾದವರು ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲವೂ ಔಷಧವನ್ನು ಮುಂದುವರಿಸಬೇಕೆಂಬುದು ಸಾಮಾನ್ಯ ನಿಯಮ. ಕೆಲವರಿಗೆ ಆಜೀವ ಪರ್ಯಂತ ಬೇಕಾಗಬಹುದು, ಅದರಲ್ಲಿ ಅವಮಾನವೇನೂ ಇಲ್ಲ. ಈ ಲೇಖನವನ್ನು ಓದಿ ನಾಳೆ ಬೆಳಗ್ಗೆ ಮಾತ್ರೆಯನ್ನು ಯಾರಾದರೂ ತಾವಾಗಿಯೇ ಕಡಿಮೆ ಮಾಡಿದರೆ ಅದು ಇದರ ಅಭಿಪ್ರಾಯಕ್ಕೆ ನೇರ ವಿರುದ್ಧ. ಬಿಟ್ಟಾಗ ಸಾಯುವ ಯೋಚನೆಗಳು ಸುಳಿದರೆ ಅದು ಔಷಧದ ಇಳಿತವೋ ಕಾಯಿಲೆಯ ಮರಳುವಿಕೆಯೋ ಎಂದು ತರ್ಕಿಸುತ್ತ ಕೂರದೆ ಅಂದೇ ವೈದ್ಯರನ್ನು ಕಾಣತಕ್ಕದ್ದು. ರಾತ್ರಿಯಾಗಿದ್ದರೆ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತಾಡುವವರು ಸಿಗುತ್ತಾರೆ.

ಈ ಸಂಖ್ಯೆ ‘ಟೆಲಿ ಮಾನಸ್’ ಎಂಬ ರಾಷ್ಟ್ರೀಯ ಸೇವೆಯದು. 2022ರ ಅಕ್ಟೋಬರ್ 10ರಂದು ಆರಂಭವಾದ ಇದಕ್ಕೆ ಕೇಂದ್ರಸ್ಥಾನ ನಮ್ಮ ನಿಮ್ಹಾನ್ಸ್. ಮನೋವೈದ್ಯವನ್ನು ಆಸ್ಪತ್ರೆಯ ಗೋಡೆಯಿಂದಾಚೆಗೆ ಒಯ್ಯುವ ಪ್ರಯೋಗ ಆ ಸಂಸ್ಥೆಗೆ ಹೊಸದಲ್ಲ. 1970ರ ದಶಕದಲ್ಲಿ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸಾಮಾನ್ಯ ವೈದ್ಯರಿಗೂ ತರಬೇತಿಕೊಟ್ಟು ನಡೆಸಿದ ಕೆಲಸವೇ ಬೆಳೆದು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಮಾದರಿಯಾಗಿ, ಅನಂತರ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಪರಿಣಮಿಸಿತು. ಸಕಲವಾರದ ಕೆಲಸ ನಡೆಯುತ್ತಿದ್ದ ಸುಮಾರಿಗೆ, 1978ರಲ್ಲಿ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್. ಕೆ. ಬಾಳಿಗರ ಕನಸಿನಂತೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ನಗರದ ದಕ್ಷಿಣದ ಒಂದೇ ಅಂಚಿನಲ್ಲಿ ಒಂದು ಕಡೆ ಕೆಲಸದ ಊರು, ಇನ್ನೊಂದು ಕಡೆ ಮನಸ್ಸಿನ ಆರೈಕೆಯ ಊರು ಒಂದೇ ದಶಕದಲ್ಲಿ ತಲೆಯೆತ್ತಿದರೂ ಎರಡೂ ಪರಸ್ಪರ ಮಾತಾಡಿದ್ದು ಕಡಿಮೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ. ಮಂಗಳವಾರ ಗೈರುಹಾಜರಾದರೆ ಗಾರ್ಮೆಂಟಿನ ಹೆಣ್ಣುಮಗಳಿಗೆ ಆ ದಿನದ ಕೂಲಿಯೂ ತಿಂಗಳ ಹಾಜರಾತಿ ಬೋನಸ್ಸೂ ಎರಡೂ ಹೋಗುತ್ತವೆ.

ಬೇಕಾಗಿರುವುದು ದೊಡ್ಡ ಯೋಜನೆಯೇನೂ ಅಲ್ಲ. ಖಿನ್ನತಾನಿವಾರಕವನ್ನು ಮೊದಲ ಸಲ ಬರೆಯುವ ವೈದ್ಯರು ಅದೇ ಚೀಟಿಯಲ್ಲಿ, ಎಲ್ಲವೂ ಸರಿಹೋದರೆ ಬಿಡುವ ಮಾತನ್ನು ಯಾವ ತಿಂಗಳಲ್ಲಿ ಎತ್ತಬಹುದೆಂದು ಒಂದು ಸಾಲು ಬರೆಯಲಿ. ತಾನಾಗಿ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ಕನ್ನಡದಲ್ಲಿ, ಬಾಯಿಮಾತಿನಲ್ಲಿ ಹೇಳಲಿ. ಇದಕ್ಕೆ ಮೂರು ನಿಮಿಷ ಹಿಡಿಯುತ್ತದೆ. ನೂರು ಜನ ಕಾದು ನಿಂತ ಹೊರರೋಗಿ ವಿಭಾಗದಲ್ಲಿ ಮೂರು ನಿಮಿಷವೆಂಬುದು ಚಿಕ್ಕದಲ್ಲವೆಂದು ನಾನು ಬಲ್ಲೆ, ಆದರೂ ಕೇಳುತ್ತೇನೆ. ಪೀಣ್ಯ ಮತ್ತು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗಳು ಭಾನುವಾರವೋ ಸಂಜೆಯೋ ವಾರಕ್ಕೊಮ್ಮೆ, ಮಾತ್ರೆ ಇಳಿಸುತ್ತಿರುವವರಿಗಾಗಿಯೇ ಒಂದು ಹೊತ್ತನ್ನು ಮೀಸಲಿಡಲಿ. ಸಂಬಳ ಹೆಚ್ಚಿ ವಿಮೆಯಿಂದ ಹೊರಗಾಗುವವನಿಗೆ ಆ ಇಳಿತ ಮುಗಿಯುವವರೆಗಾದರೂ ಔಷಧ ಕೊಡುವ ನಿಯಮವಾಗಲಿ. ಐನೂರಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಆಂಬ್ಯುಲೆನ್ಸ್ ಕೋಣೆಯಿರಬೇಕೆಂದು ಕಾಯಿದೆ ಬಹುಕಾಲದಿಂದ ಹೇಳುತ್ತಿದೆ; ಕೈ ಕೊಯ್ದುಕೊಂಡವರಿಗೆ ಪಟ್ಟಿ ಕಟ್ಟುವ ಆ ಕೋಣೆಯ ನರ್ಸಮ್ಮನವರಿಗೆ, ‘ಮಾತ್ರೆ ಬಿಟ್ಟೆ, ತಲೆ ತಿರುಗುತ್ತಿದೆ’ ಎಂದು ಬಂದವನನ್ನು ಎರಡು ವಾರ ಪ್ರೆಸ್ಸಿನಿಂದ ಪ್ಯಾಕಿಂಗಿಗೆ ಬದಲಾಯಿಸಿರೆಂದು, ಕಾರಣವನ್ನು ಬರೆಯದೆ, ಸೂಪರ್‌ವೈಸರಿಗೆ ಚೀಟಿ ಕೊಡುವ ಅಧಿಕಾರವಿರಲಿ. ಇ.ಎಸ್.ಐ. ವಿಮೆಯಲ್ಲಿ ಅನಾರೋಗ್ಯದ ರಜೆಗೆ ಸಂಬಳದ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನದವರೆಗೆ ಪರಿಹಾರ ಈಗಾಗಲೇ ಉಂಟು; ಮಾತ್ರೆ ಇಳಿಸುವ ಕಾಲದ ಕೆಟ್ಟ ದಿನಗಳಿಗೆ ಅದರಲ್ಲಿ ನಾಲ್ಕೈದು ದಿನ ಬರೆದುಕೊಡಲು ವೈದ್ಯಾಧಿಕಾರಿಗೆ ಇಂದೂ ಯಾವ ಅಡ್ಡಿಯಿಲ್ಲ, ಕೇಳಿಕೊಂಡು ಬರುವವನಿಗೆ ಅದು ತಿಳಿದಿದ್ದರೆ.